ಅಂಬಾಸಿಡರ್ ಎಂಜಿನ್ ಕೈಯಲ್ಲಿ ತಿರುಗಿಸಲು ಯಾವ ಪಾನಾ?

ಹ್ಯಾಂಡಲ್ ಹೊಡೆದು ಕಾರು ಸ್ಟಾರ್ಟ್ ಮಾಡುವುದು ಬೇರೆ, ರಿಪೇರಿಗೆಂದು ಎಂಜಿನ್ನನ್ನು ಕೈಯಲ್ಲಿ ತಿರುಗಿಸುವುದು ಬೇರೆ. ಮೊದಲನೆಯದಕ್ಕೆ ರಭಸ ಬೇಕು. ಎರಡನೆಯದಕ್ಕೆ ಬೇಕಾದ ಜಾಗದಲ್ಲಿ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ನಿಲ್ಲಿಸುವ ಹಿಡಿತ ಬೇಕು. ಟ್ಯಾಪೆಟ್ ಗ್ಯಾಪ್ ನೋಡಲು, ಪಾಯಿಂಟ್ ಸೆಟ್ ಮಾಡಲು, ಟೈಮಿಂಗ್ ಕೂರಿಸಲು, ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿ ಜಾಮ್ ಆಗಿದೆಯೇ ಎಂದು ತಿಳಿಯಲು ಬೇಕಾಗುವುದು ಎರಡನೆಯದೇ. ಇಲ್ಲಿ ಹೇಳುತ್ತಿರುವುದು ಹಳೆಯ ಪೆಟ್ರೋಲ್ ಅಂಬಾಸಿಡರ್ ಬಗ್ಗೆ. ಅದರ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿಯ ಬಿ ಸರಣಿಯದು. ಮಾರಿಸ್ ಆಕ್ಸ್‌ಫರ್ಡ್, ಎಂಜಿಎ ಕಾರುಗಳಲ್ಲೂ ಇದೇ ಎಂಜಿನ್ನಿನ ಬಳಗ ಇತ್ತು.

ಈ ಕೆಲಸಕ್ಕೆ ಎಲ್ಲರೂ ಮೊದಲು ಹುಡುಕುವುದು ಉದ್ದನೆಯ ರಾಡು. ನನ್ನ ಪ್ರಕಾರ ಮೊದಲು ಕೊಳ್ಳಬೇಕಾದದ್ದು ಒಂದು ಒಳ್ಳೆಯ ಪ್ಲಗ್ ಪಾನಾ. ಪ್ಲಗ್ ಇದ್ದಾಗ ಒಂದೊಂದು ಸಿಲಿಂಡರೂ ಗಾಳಿಯನ್ನು ಒತ್ತಿ ಹಿಡಿಯುತ್ತದೆ. ನೀವು ಬಲ ಹಾಕುತ್ತೀರಿ, ಪಿಸ್ಟನ್ ತುತ್ತತುದಿ ದಾಟುತ್ತಿದ್ದಂತೆ ಆ ಗಾಳಿಯೇ ಅದನ್ನು ಮುಂದಕ್ಕೆ ತಳ್ಳಿಬಿಡುತ್ತದೆ. ನಿಲ್ಲಿಸಬೇಕಿದ್ದ ಗುರುತು ಎಲ್ಲೋ ಹೋಗಿರುತ್ತದೆ. ನಾಲ್ಕೂ ಪ್ಲಗ್ ತೆಗೆದರೆ ಅದೇ ಎಂಜಿನ್ ಒಂದು ಕೈಗೆ ಬಗ್ಗುತ್ತದೆ. ತೆಗೆಯುವ ಮುನ್ನ ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ಹಾರಿಸಿ, ಇಲ್ಲದಿದ್ದರೆ ಅದು ನೇರ ಸಿಲಿಂಡರಿಗೇ ಬೀಳುತ್ತದೆ. ವೈರುಗಳಿಗೆ ನಂಬರ್ ಬರೆದಿಡಿ. ಫೈರಿಂಗ್ ಕ್ರಮ 1-3-4-2. ಗೇರ್ ನ್ಯೂಟ್ರಲ್‌ನಲ್ಲಿರಲಿ, ಕೀಲಿ ಆಫ್ ಆಗಿರಲಿ, ಬ್ಯಾಟರಿಯ ಒಂದು ವೈರ್ ಕಳಚಿರಲಿ.

ಇನ್ನು ತಿರುಗಿಸುವ ಸಾಧನ. ಕ್ರ್ಯಾಂಕ್ ಪುಲ್ಲಿಯ ನಡುವಿನ ದೊಡ್ಡ ಬೋಲ್ಟಿಗೆ ಪಾನಾ ಹಾಕುವುದೇ ಅತ್ಯಂತ ಹಿಡಿತದ ದಾರಿ. ಹ್ಯಾಂಡಲ್ ಕೂರುವ ಎಂಜಿನ್ನುಗಳಲ್ಲಿ ಈ ಬೋಲ್ಟಿನ ತಲೆಯಲ್ಲೇ ಓರೆ ಹಲ್ಲುಗಳಿದ್ದು, ಸುತ್ತ ಪಾನಾ ಹಿಡಿಯಲು ಆರು ಮೂಲೆಗಳಿರುತ್ತವೆ. ಬ್ರಿಟಿಷ್ ಮೂಲದ ಗಾಡಿಯಾದ್ದರಿಂದ ಅಳತೆ ಇಂಚಿನದು. ಮಿಲಿಮೀಟರ್ ಪಾನಾ ‘ಹೆಚ್ಚುಕಡಿಮೆ ಕೂರುತ್ತದೆ’ ಎಂದರೆ ಮೂಲೆ ಸವೆಸಲು ಅಷ್ಟೇ ಸಾಕು. ಸಾಕೆಟ್ ಕೊಳ್ಳುವುದಾದರೆ ಹನ್ನೆರಡು ಮೂಲೆಯದು ಬೇಡ, ಆರು ಮೂಲೆಯದೇ ಇರಲಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗೆ ಹೋಗುವಾಗ ಬೋಲ್ಟಿನ ತಲೆಯ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದುಕೊಂಡೇ ಹೋಗಿ.

ರೇಡಿಯೇಟರ್ ಅಡ್ಡ ಬರುವುದರಿಂದ ಪುಲ್ಲಿಯ ಮುಂದೆ ಕೈಯಾಡಿಸಲು ಜಾಗ ಕಡಿಮೆ. ಆಳದ ಸಾಕೆಟ್ಟು, ಉದ್ದ ಎಕ್ಸ್‌ಟೆನ್ಷನ್ನು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಿಡ್ಡ ಸಾಕೆಟ್ಟಿಗೆ ತೆಳು ತಲೆಯ ರ‍್ಯಾಚೆಟ್, ಇಲ್ಲವೇ ರಿಂಗ್ ಪಾನಾ ಸಾಕು. ಮುಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳು ಹೋಗುವ ಕಡೆಗೆ ಮಾತ್ರ ತಿರುಗಿಸಿ. ಹಿಂದಕ್ಕೆ ಎಳೆದರೆ ಬೋಲ್ಟೇ ಸಡಿಲವಾದೀತು. ಟೈಮಿಂಗ್ ಚೈನಿನ ಸಡಿಲವೂ ಸೇರಿ ಗುರುತು ಸುಳ್ಳು ಹೇಳುತ್ತದೆ. ಗುರುತು ದಾಟಿತೇ? ಇನ್ನೆರಡು ಪೂರ್ತಿ ಸುತ್ತು ಮುಂದಕ್ಕೆ ಹೋಗಿ ಮತ್ತೆ ಬನ್ನಿ. ಪ್ಲಗ್ ತೆಗೆದ ಮೇಲೆ ಅದೇನು ಮಹಾ ಕಷ್ಟವಲ್ಲ.

ಗಾಡಿಯ ಜೊತೆ ಬಂದ ಹ್ಯಾಂಡಲ್ ಇನ್ನೂ ಇದ್ದರೆ ಪುಣ್ಯವಂತರು. ಬಾನೆಟ್ಟಿನೊಳಗೆ ತೂರಿಕೊಳ್ಳದೆ ಹೊರಗೆ ನಿಂತೇ ತಿರುಗಿಸಬಹುದು. ಅದರ ಅಡ್ಡ ಪಿನ್ನು ಸವೆದು ಗುಂಡಗಾಗಿದ್ದರೆ ಮಾತ್ರ ಬಳಸಬೇಡಿ, ಬಲ ಹಾಕಿದಾಗ ಜಾರಿ ಮಂಡಿಗೆ ಬಡಿಯುತ್ತದೆ. ಸ್ಟಾರ್ಟ್ ಮಾಡಲೆಂದೇ ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಎಂಜಿನ್ ತಿರುಗಿ ಒದ್ದರೆ ಕೈ ಬಿಟ್ಟುಕೊಳ್ಳುತ್ತದೆ, ಮೂಳೆ ಉಳಿಯುತ್ತದೆ. ಮಣಿಕಟ್ಟಿನ ಬಳಿ ರೇಡಿಯಸ್ ಮೂಳೆಯ ತುದಿ ಮುರಿದರೆ ಡಾಕ್ಟರುಗಳು ಇಂದಿಗೂ ‘ಶೋಫರ್ ಫ್ರ್ಯಾಕ್ಚರ್’ ಅನ್ನುವುದು ಈ ಒದೆತದ ದೆಸೆಯಿಂದಲೇ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಕೂರಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಎಷ್ಟು ಕೈಗಳನ್ನು ಉಳಿಸಿತೋ!

ಫ್ಯಾನ್ ಬೆಲ್ಟನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಫ್ಯಾನನ್ನೇ ತಿರುಗಿಸುವವರೂ ಇದ್ದಾರೆ. ಪ್ಲಗ್ ತೆಗೆದಿದ್ದರೆ ನಡೆಯುತ್ತದೆ, ಆದರೆ ಬ್ಲೇಡ್ ಬಾಗುವ ಭಯ ಇದ್ದೇ ಇದೆ. ಹಿಂದಿನ ಒಂದು ಚಕ್ರವನ್ನು ಜಾಕ್ ಮಾಡಿ, ಟಾಪ್ ಗೇರ್ ಹಾಕಿ ಆ ಚಕ್ರ ತಿರುಗಿಸುವುದು ಇನ್ನೊಂದು ದಾರಿ. ಆಗ ಹ್ಯಾಂಡ್‌ಬ್ರೇಕ್ ಹಾಕುವಂತಿಲ್ಲ, ಅದು ಹಿಂದಿನ ಚಕ್ರಗಳನ್ನೇ ಹಿಡಿಯುತ್ತದೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಅಡ್ಡಗಲ್ಲು ಬೇಕು, ಜಾಕಿನ ಜೊತೆಗೆ ಸ್ಟ್ಯಾಂಡೂ ಬೇಕು. ಫ್ಲೈವೀಲ್ ಹಲ್ಲಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದನ್ನಂತೂ ಬಿಟ್ಟುಬಿಡಿ. ಒಂದು ಹಲ್ಲು ಮುರಿದರೂ ಗೇರ್‌ಬಾಕ್ಸ್ ಇಳಿಸಬೇಕು.

ಹೀಗೆ ಹಿಡಿತ ಸಿಕ್ಕ ಮೇಲೆ ಟ್ಯಾಪೆಟ್ ಕೆಲಸ ಎಷ್ಟು ಸಲೀಸು ನೋಡಿ. ವಾಲ್ವುಗಳಿಗೆ ಮುಂದಿನಿಂದ 1ರಿಂದ 8ರವರೆಗೆ ನಂಬರ್ ಕೊಡಿ. ಎರಡು ನಂಬರ್ ಕೂಡಿದರೆ 9 ಬರಬೇಕು, ಅಷ್ಟೇ ಲೆಕ್ಕ. 8ನೇ ವಾಲ್ವ್ ಪೂರ್ತಿ ಕೆಳಗೆ ಒತ್ತಿದಾಗ 1ರ ಗ್ಯಾಪ್ ನೋಡಿ, 6 ಒತ್ತಿದಾಗ 3ರದ್ದು, 4 ಒತ್ತಿದಾಗ 5ರದ್ದು. ಪುಲ್ಲಿಯನ್ನು ಎರಡು ಪೂರ್ತಿ ಸುತ್ತು ತಿರುಗಿಸುವಷ್ಟರಲ್ಲಿ ಎಂಟೂ ಮುಗಿಯುತ್ತವೆ. ಲೂಕಾಸ್ ಡಿಸ್ಟ್ರಿಬ್ಯೂಟರ್ ಪಾಯಿಂಟಿಗೂ ಹೀಗೇ: ಕ್ಯಾಮಿನ ಉಬ್ಬು ಪಾಯಿಂಟಿನ ಹಿಮ್ಮಡಿಯನ್ನು ಪೂರ್ತಿ ಎತ್ತಿ ನಿಲ್ಲಿಸಿದಾಗ ಮಾತ್ರ 0.35ರಿಂದ 0.40 ಮಿ.ಮೀ. ಫೀಲರ್ ಗೇಜ್ ಸರಿಯಾದ ಉತ್ತರ ಕೊಡುತ್ತದೆ.

ಬಹುಕಾಲ ನಿಂತ ಎಂಜಿನ್ ಅಲುಗದಿದ್ದರೆ ಪಾನಾಗೆ ಪೈಪು ತೊಡಿಸಿ ಜಗ್ಗಬೇಡಿ. ಪ್ಲಗ್ ತೂತುಗಳಲ್ಲಿ ತುಕ್ಕು ಬಿಡಿಸುವ ತೆಳು ಎಣ್ಣೆ ಬಿಟ್ಟು ಕೆಲವು ದಿನ ಹಾಗೇ ಇರಲಿ, ನಡುನಡುವೆ ಮೆಲ್ಲಗೆ ಅಲುಗಿಸಿ ನೋಡಿ. ಸ್ವಲ್ಪ ತಿರುಗಿ ಪ್ರತಿಸಲವೂ ಒಂದೇ ಜಾಗದಲ್ಲಿ ಠಕ್ಕನೆ ನಿಂತರೆ ಅದು ತುಕ್ಕಲ್ಲ, ಸಿಕ್ಕಿಕೊಂಡ ವಾಲ್ವೋ ಸಿಲಿಂಡರಿಗೆ ಬಿದ್ದ ವಸ್ತುವೋ ಇರಬಹುದು. ಹೆಡ್ ಬಿಚ್ಚಿಯೇ ನೋಡಬೇಕು. ಸರಾಗವಾಗಿ ತಿರುಗಿದರೆ ಪಾನಾ ತೆಗೆದಿದ್ದೀರೆಂದು ಖಾತ್ರಿ ಮಾಡಿಕೊಂಡು, ಬ್ಯಾಟರಿ ವೈರ್ ಮತ್ತೆ ಜೋಡಿಸಿ, ಕಾಯಿಲ್ ವೈರ್ ಕಳಚಿ, ಪ್ಲಗ್ ತೂತುಗಳ ಮೇಲೆ ಬಟ್ಟೆ ಹೊದಿಸಿ ಒಮ್ಮೆ ಸ್ಟಾರ್ಟರ್ ಹೊಡೆಯಿರಿ. ಒಳಗಿನ ಎಣ್ಣೆ ಹೊರಗೆ ಚಿಮ್ಮಿದ ಮೇಲೆ ಪ್ಲಗ್ ಹಾಕಿ.