ಸಿಡಿಯುವ ಮೊದಲೇ ಚಿತ್ರ

ಪ್ರೋಟೀನಿನ ಒಡಲಲ್ಲಿ ಯಾವ ಪರಮಾಣು ಎಲ್ಲಿದೆ ಎಂದು ತೋರಿಸುವುದು ಕ್ಷ-ಕಿರಣ; ಆ ಪ್ರೋಟೀನನ್ನು ಕೆಡಿಸುವುದೂ ಅದೇ. ಇಂಗಾಲದ ಪರಮಾಣುವಿನಿಂದ ಚಿತ್ರಕ್ಕೆ ಒದಗುವಂತೆ ಒಂದು ಫೋಟಾನ್ ಚದುರುವಷ್ಟರಲ್ಲಿ ಸುಮಾರು ಹತ್ತು ಫೋಟಾನ್‌ಗಳು ಹೀರಿಕೆಯಾಗಿ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತವೆ. ಸ್ಫಟಿಕದಲ್ಲಾದರೆ ಈ ಪೆಟ್ಟು ಕೋಟ್ಯಂತರ ಅಣುಗಳಿಗೆ ಹಂಚಿಹೋಗುತ್ತದೆ. ಹಾಗಾಗಿ ದೊಡ್ಡ ಸ್ಫಟಿಕ ಬೆಳೆಸುವುದೇ ದಶಕಗಳ ಕಾಲ ದಾರಿಯಾಗಿತ್ತು. ಸ್ಫಟಿಕವಾಗಲು ಒಲ್ಲದ ಪ್ರೋಟೀನುಗಳು ಕೈಗೆ ಸಿಗಲಿಲ್ಲ.

2000ದಲ್ಲಿ ಸ್ವೀಡನ್ನಿನ ಉಪ್ಸಾಲಾದ ರಿಚರ್ಡ್ ನ್ಯೂಟ್ಜೆ, ಯಾನೋಶ್ ಹಾಯ್ದು ಮತ್ತು ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು. ಪೆಟ್ಟು ತಪ್ಪಿಸಲಾಗದು, ಸರಿ. ಅಣು ಚೂರಾಗುವ ಮೊದಲೇ ಚಿತ್ರ ತೆಗೆದು ಮುಗಿಸಿದರೆ? ಅಷ್ಟು ಪ್ರಖರವಾದ ಕ್ಷ-ಕಿರಣ ಲೇಸರ್ ಆಗ ಎಲ್ಲೂ ಇರಲಿಲ್ಲ. ಪ್ರಯೋಗ ನಡೆದದ್ದು ಕಂಪ್ಯೂಟರಿನಲ್ಲಿ, ಲೈಸೊಜೈಮ್ ಎಂಬ ಪ್ರೋಟೀನಿನ ಒಂದೇ ಅಣುವಿನ ಮೇಲೆ.

ಯಾವ ಪರಮಾಣು ಯಾವಾಗ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ ಎಂಬುದನ್ನು ಸಂಭವನೀಯತೆಯ ಲೆಕ್ಕ ತೀರ್ಮಾನಿಸುತ್ತಿತ್ತು. ತೆರವಾದ ಒಳಕವಚಕ್ಕೆ ಮೇಲಿನ ಎಲೆಕ್ಟ್ರಾನ್ ಇಳಿದಾಗ ಬಿಡುಗಡೆಯಾದ ಶಕ್ತಿ ಇನ್ನೊಂದನ್ನು ಹೊರದಬ್ಬುತ್ತದೆ. ಧನ ವಿದ್ಯುದಂಶ ಏರಿದ ಪರಮಾಣುಗಳು ಪರಸ್ಪರ ವಿಕರ್ಷಿಸಿ ಅಣು ಸಿಡಿಯುತ್ತದೆ. 50 ಫೆಮ್ಟೊಸೆಕೆಂಡಿನ ಪಲ್ಸ್‌ನಲ್ಲಿ, ಬೆಳಕು ಮುಗಿಯುವ ಮೊದಲೇ ರಚನೆ ಕದಡಿಹೋಯಿತು. 10ಕ್ಕಿಳಿಸಿದಾಗ ಪರಮಾಣುಗಳು ಬಹುಮಟ್ಟಿಗೆ ಇದ್ದಲ್ಲೇ ಇದ್ದವು. ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿ ಪಾಲುಗಳಲ್ಲಿ ಒಂದು. ಎಲೆಕ್ಟ್ರಾನ್ ಹಾರಿಹೋದರೂ ಭಾರದ ನ್ಯೂಕ್ಲಿಯಸ್ ಕದಲಲು ಅಷ್ಟು ಹೊತ್ತು ಸಾಲದು.

2006ರಲ್ಲಿ ಹೆನ್ರಿ ಚಾಪ್‌ಮನ್ ತಂಡ ಹ್ಯಾಂಬರ್ಗಿನ ಫ್ಲಾಶ್ ಲೇಸರಿನಲ್ಲಿ ಇದನ್ನು ಪರೀಕ್ಷಿಸಿತು. ಸಿಲಿಕಾನ್ ನೈಟ್ರೈಡಿನ ತೆಳುಪೊರೆಯಲ್ಲಿ ಕೊರೆದ ಪುಟ್ಟ ಚಿತ್ರಕ್ಕೆ 25 ಫೆಮ್ಟೊಸೆಕೆಂಡಿನ ಒಂದು ಪಲ್ಸ್. ಚಿತ್ರ ಪೂರ್ತಿ ದಕ್ಕಿತು. ಎರಡನೇ ಪಲ್ಸ್‌ಗೆ ಸಿಕ್ಕಿದ್ದು ಬರಿಯ ತೂತು. ಆದರೆ ಈ ಬೆಳಕಿನ ತರಂಗದೂರ 32 ನ್ಯಾನೊಮೀಟರ್, ಪರಮಾಣುಗಳನ್ನು ಕಾಣಲು ತೀರಾ ಒರಟು. 2009ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ನಿಜವಾದ ಕ್ಷ-ಕಿರಣ ಲೇಸರ್ ಬೆಳಗಿತು. 2011ರಲ್ಲಿ ದ್ಯುತಿಸಂಶ್ಲೇಷಣೆಯ ಪ್ರೋಟೀನೊಂದರ ನ್ಯಾನೊಸ್ಫಟಿಕಗಳಿಂದ ಅದರ ರಚನೆ ಹೊರಬಂತು.

ಮುಂದೆ ಯಂತ್ರವೇ ಲೆಕ್ಕಕ್ಕೆ ಪಾಠ ಹೇಳಿತು. ನಿರೀಕ್ಷೆಗಿಂತ ಉದ್ದದ ಪಲ್ಸ್‌ಗಳಲ್ಲೂ ಚಿತ್ರ ಕೆಡಲಿಲ್ಲ. ಸ್ಫಟಿಕದ ಕ್ರಮ ಕದಡಿದೊಡನೆ ಚಿತ್ರ ಮೂಡಿಸುವ ವಿವರ್ತನೆ ತಾನೇ ನಿಲ್ಲುತ್ತದೆ, ಆಮೇಲಿನ ಬೆಳಕು ಬರಿಯ ಮಸುಕು ಹಿನ್ನೆಲೆಯಾಗುತ್ತದೆ ಎಂದು 2012ರಲ್ಲಿ ವಿವರಿಸಲಾಯಿತು. ಒಂಟಿ ಅಣುವಿಗೆ ಈ ರಕ್ಷಣೆ ಇಲ್ಲ. ಅದು ಚದುರಿಸುವ ಫೋಟಾನ್‌ಗಳೂ ಬೆರಳೆಣಿಕೆಯಷ್ಟು. ಹೆಚ್ಚು ಸಿಗಬೇಕೆಂದು ಬೆಳಕು ಏರಿಸಿದರೆ ಹಾನಿಯೂ ಏರುತ್ತದೆ. ಉಪ್ಸಾಲಾದ ಲೆಕ್ಕ ಹೊರಟದ್ದು ಒಂಟಿ ಅಣುವಿಗಾಗಿ. ಫಲ ದಕ್ಕಿದ್ದು ಸ್ಫಟಿಕಕ್ಕೆ.