ಕೀ ಬಿಟ್ಟರೂ ಬಿಡದ ಸೆಲ್ಫ್

ಕಾರಿನ ಸ್ಟಾರ್ಟರ್ ಮೋಟರಿಗೆ ನಮ್ಮ ಗ್ಯಾರೇಜುಗಳಲ್ಲಿ ಇರುವ ಹೆಸರು ‘ಸೆಲ್ಫ್’. ಹ್ಯಾಂಡಲ್ ಹಾಕಿ ತಿರುವದೆ ಗಾಡಿ ತಾನಾಗಿಯೇ ಸ್ಟಾರ್ಟ್ ಆಗುತ್ತದಲ್ಲ ಎಂಬ ಹಳೆಯ ಬೆರಗು ಆ ಹೆಸರಿನಲ್ಲಿ ಇನ್ನೂ ಉಳಿದಿದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಸಾಧನ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅಂದಿನಿಂದಲೂ ಅದರ ಕೆಲಸ ಒಂದೇ: ಒಂದೆರಡು ಸೆಕೆಂಡು ಮೈಮುರಿದು ದುಡಿದು ಪಕ್ಕಕ್ಕೆ ಸರಿದುಬಿಡುವುದು. ಸೆಲ್ಫ್ ಹೊಡೆಯದಿದ್ದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು, ನಾಲ್ಕು ಜನ ಸೇರಿ ತಳ್ಳುತ್ತಾರೆ. ಅದು ನಿಲ್ಲದೇ ಹೋದರೆ? ಇಂಜಿನ್ ಸ್ಟಾರ್ಟ್ ಆದ ಮೇಲೂ, ಕೀ ಕಿತ್ತು ಕೈಯಲ್ಲಿ ಹಿಡಿದ ಮೇಲೂ ಗರ್ರೆಂದು ತಿರುಗುತ್ತಲೇ ಇದ್ದರೆ? ‘ಸೆಲ್ಫ್ ಹೋಗಿದೆ, ಹೊಸದು ಹಾಕಿ’ ಎಂಬುದು ಥಟ್ಟನೆ ಸಿಗುವ ಉತ್ತರ. ಈ ಉತ್ತರ ಬಹುಪಾಲು ತಪ್ಪು. ತಿರುಗುತ್ತಿರುವ ಮೋಟರು ಕೆಟ್ಟಿಲ್ಲ. ಅದನ್ನು ಬಿಡದೆ ಹಿಡಿದುಕೊಂಡವರು ಬೇರೆ ಯಾರೋ ಇದ್ದಾರೆ. ಹಿಡಿದವರು ಯಾರೆಂದು ಪತ್ತೆಮಾಡುವುದೇ ಇಲ್ಲಿ ರಿಪೇರಿಯ ಮುಕ್ಕಾಲು ಪಾಲು.

ಪತ್ತೆಗೆ ಮೊದಲು ಬೆಂಕಿಯ ಮಾತು. ಮನೆಯ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್ ವಿದ್ಯುತ್. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ 100 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ, ಡೀಸೆಲ್ ಆದರೆ ಇನ್ನೂ ಹೆಚ್ಚು. ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ಕೇಬಲಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಕೆಲವೇ ಸೆಕೆಂಡಿನ ದುಡಿಮೆಗೆಂದು ಮಾಡಿದ ಯಂತ್ರ ಬಿಡುವಿಲ್ಲದೆ ಓಡಿದರೆ ಮೊದಲು ಸುಡುವುದು ಅದರ ಸುರುಳಿಗಳ ಮೇಲಿನ ವಾರ್ನಿಷ್, ಆಮೇಲೆ ಕೇಬಲಿನ ಹೊದಿಕೆ. ಆದ್ದರಿಂದ ಗಾಡಿಯನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಬೇಕು. ಗೇರಿನಲ್ಲೇ ಇದ್ದರೆ ಇಂಜಿನ್ ಆಫ್ ಆಗಿದ್ದರೂ ಸೆಲ್ಫ್ ಒಂದೇ ಗಾಡಿಯನ್ನು ಮುಂದಕ್ಕೆ ದೂಡಬಲ್ಲದು. ಕೇಬಲ್ ಕಳಚುವಾಗ ಕಿಡಿ ಹಾರುತ್ತದೆ, ಮುಖವನ್ನು ದೂರವಿಡಬೇಕು. ಬಾನೆಟ್ಟಿನಿಂದ ಹೊಗೆ ಬರುತ್ತಿದ್ದರೆ ಈ ಯಾವ ಸಾಹಸವೂ ಬೇಡ, ಎಲ್ಲರೂ ಇಳಿದು ದೂರ ನಿಂತು ಸಹಾಯಕ್ಕೆ ಕರೆಯುವುದೇ ಸರಿ.

ಈಗ ಹಿಡಿದವರ ವಿಚಾರ. ಕೀ ತಿರುಗಿಸಿದಾಗ ಒಂದು ತೆಳು ವೈರಿನ ಮೂಲಕ, ಹೆಚ್ಚಿನ ಕಾರುಗಳಲ್ಲಿ ಒಂದು ರಿಲೇಯನ್ನು ಹಾದು, ಸೆಲ್ಫಿನ ಬೆನ್ನ ಮೇಲೆ ಕುಳಿತ ಸೊಲೆನಾಯ್ಡಿಗೆ ಅಪ್ಪಣೆ ಹೋಗುತ್ತದೆ. ಅದರೊಳಗಿನ ಕಬ್ಬಿಣದ ದಿಂಡು ಹಿಂದಕ್ಕೆ ಸರಿದು ಒಟ್ಟಿಗೇ ಎರಡು ಕೆಲಸ ಮಾಡುತ್ತದೆ: ಒಂದು ಕವೆಯ ಮೂಲಕ ಮೋಟರಿನ ಪಿನಿಯನ್ ಹಲ್ಲನ್ನು ಇಂಜಿನ್ನಿನ ಫ್ಲೈವೀಲಿನ ರಿಂಗ್ ಗೇರಿಗೆ ಕೂಡಿಸುತ್ತದೆ, ಮತ್ತು ತನ್ನ ತುದಿಯ ತಾಮ್ರದ ಬಿಲ್ಲೆಯನ್ನು ಎರಡು ದಪ್ಪ ಬೋಲ್ಟುಗಳಿಗೆ ಒತ್ತಿ ಮೋಟರಿಗೆ ಬ್ಯಾಟರಿಯ ದಾರಿ ತೆರೆಯುತ್ತದೆ. ಸುತ್ತಿದ ಸುರುಳಿಗಳೂ ಎರಡು. ಒಂದು ಎಳೆಯುವುದಕ್ಕೆ, ಇನ್ನೊಂದು ಎಳೆದದ್ದನ್ನು ಹಿಡಿದಿಡುವುದಕ್ಕೆ. ಬಿಲ್ಲೆ ಕೂಡಿದ ಕ್ಷಣ ಎಳೆಯುವ ಸುರುಳಿಯ ಎರಡೂ ತುದಿಗೆ ಬ್ಯಾಟರಿಯ ಒತ್ತಡವೇ ಸಿಕ್ಕಿ ಅದು ಸುಮ್ಮನಾಗುತ್ತದೆ. ಕೀ ಬಿಟ್ಟಾಗ ನಡೆಯುವುದು ಇನ್ನೂ ಸೊಗಸು. ಮೋಟರಿನ ಕಡೆಯಿಂದ ವಿದ್ಯುತ್ತು ಎಳೆಯುವ ಸುರುಳಿಯಲ್ಲಿ ತಿರುಗುಮುರುಗಾಗಿ ಹರಿದು ಹಿಡಿಯುವ ಸುರುಳಿಗೆ ಬರುತ್ತದೆ, ಎರಡರ ಕಾಂತಬಲಗಳೂ ಒಂದನ್ನೊಂದು ಹೊಡೆದುಹಾಕುತ್ತವೆ, ಸ್ಪ್ರಿಂಗು ದಿಂಡನ್ನು ಮೊದಲಿನ ಜಾಗಕ್ಕೆ ತಳ್ಳುತ್ತದೆ. ಬಿಡುವುದು ಕೂಡ ಹಿಡಿಯುವಷ್ಟೇ ಲೆಕ್ಕ ಹಾಕಿ ಮಾಡಿದ ಕೆಲಸ.

ಇದನ್ನು ತಿಳಿಯದವರು ಪರೀಕ್ಷೆಯಲ್ಲಿ ಎಡವುವ ಜಾಗವೊಂದಿದೆ. ಕೀ ತೆಗೆದರೂ ಸೆಲ್ಫ್ ತಿರುಗುತ್ತಿರುವಾಗ ತೆಳು ವೈರು ಸೇರುವ ಟರ್ಮಿನಲ್ಲಿಗೆ ಟೆಸ್ಟ್ ಲ್ಯಾಂಪ್ ಹಿಡಿದು, ಅದು ಉರಿದರೆ ‘ಕೀ ಸ್ವಿಚ್ಚು ಕೆಟ್ಟಿದೆ’ ಎಂದು ತೀರ್ಪು ಕೊಡುವವರಿದ್ದಾರೆ. ಬೋಲ್ಟಿಗೆ ಬಿಲ್ಲೆ ಬೆಸೆದುಕೊಂಡಿದ್ದರೂ ಆ ದೀಪ ಉರಿಯುತ್ತದೆ, ಏಕೆಂದರೆ ಮೋಟರಿನ ಕಡೆಯ ವಿದ್ಯುತ್ತು ಸುರುಳಿಯ ಮೂಲಕ ಹಿಮ್ಮುಖವಾಗಿ ಅಲ್ಲಿಗೆ ತಲುಪಿರುತ್ತದೆ. ಟರ್ಮಿನಲ್ ಸುಳ್ಳು ಹೇಳಬಹುದು, ಕಳಚಿದ ವೈರು ಹೇಳುವುದಿಲ್ಲ. ಸರಿಯಾದ ಕ್ರಮ ಇದು: ನೆಗೆಟಿವ್ ಕೇಬಲ್ ತೆಗೆದ ಸ್ಥಿತಿಯಲ್ಲಿ ತೆಳು ವೈರನ್ನು ಕಿತ್ತು, ಅದರ ತುದಿ ಎಲ್ಲಿಗೂ ತಾಗದಂತೆ ಇಟ್ಟು, ಕೀ ಆಫ್ ಮಾಡಿಯೇ ಕೇಬಲನ್ನು ಬ್ಯಾಟರಿಗೆ ಮತ್ತೆ ಮುಟ್ಟಿಸಿ ನೋಡುವುದು. ಸೆಲ್ಫ್ ತಿರುಗಿತೋ, ತಪ್ಪು ಸೊಲೆನಾಯ್ಡಿನದು, ಬಿಲ್ಲೆ ಬೆಸೆದುಕೊಂಡಿದೆ. ಸುಮ್ಮನಿದ್ದರೆ ಕಳಚಿದ ವೈರಿಗೆ ಲ್ಯಾಂಪ್ ಹಿಡಿಯಬೇಕು. ಕೀ ಆಫ್ ಇದ್ದೂ ದೀಪ ಉರಿದರೆ ಅಪ್ಪಣೆ ಮೇಲಿನಿಂದಲೇ ನಿಲ್ಲದೆ ಬರುತ್ತಿದೆ. ಆಗ ರಿಲೇ ಅಂಟಿಕೊಂಡಿರಬೇಕು, ಇಲ್ಲವೇ ಕೀ ಸ್ವಿಚ್ಚು ಸ್ಟಾರ್ಟ್ ಜಾಗದಿಂದ ಹಿಂದಕ್ಕೆ ಬಂದಿಲ್ಲ. ಫ್ಯೂಸ್ ಪೆಟ್ಟಿಗೆಯಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ ಅದಲುಬದಲು ಮಾಡಿದರೆ ಸಾಕು, ಇಬ್ಬರಲ್ಲಿ ಯಾರೆಂದು ಗೊತ್ತಾಗುತ್ತದೆ.

ಮೂರನೆಯ ಬಗೆಯಲ್ಲಿ ವಿದ್ಯುತ್ತಿನ ಪಾತ್ರವೇ ಇಲ್ಲ. ಇಂಜಿನ್ ಓಡುವಾಗ ಕಿರುಚುವ ಸದ್ದು, ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತದೆ, ಇಂಜಿನ್ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಇಲ್ಲಿ ಮೋಟರಿಗೆ ವಿದ್ಯುತ್ ತಪ್ಪಿದೆ, ಪಿನಿಯನ್ ಮಾತ್ರ ಹಲ್ಲು ಬಿಟ್ಟಿಲ್ಲ. ಪಿನಿಯನ್ನಿನ ದಂಡದ ಮೇಲೆ ಕ್ಲಚ್ಚಿನ ಧೂಳು ಸೇರಿ ಗಟ್ಟಿಯಾದ ಗ್ರೀಸು, ಮಳೆಗಾಲದ ತುಕ್ಕು, ಮುರಿದ ಸ್ಪ್ರಿಂಗು, ಬಾಗಿದ ಕವೆ, ಸಡಿಲಾದ ಬೋಲ್ಟು, ಇವುಗಳಲ್ಲಿ ಒಂದು ಕಾರಣ. ಪಿನಿಯನ್ ಜೊತೆಗೆ ಒಮ್ಮುಖ ಕ್ಲಚ್ ಇರುತ್ತದಲ್ಲ, ಇಂಜಿನ್ ವೇಗವಾಗಿ ಓಡಿದರೂ ಮೋಟರಿಗೆ ಏಟು ಬೀಳದಂತೆ ಅದು ಕಾಯುವುದಿಲ್ಲವೇ ಎಂದು ಕೇಳಬಹುದು. ಕಾಯುತ್ತದೆ, ಸ್ವಲ್ಪ ಹೊತ್ತು. ಪಿನಿಯನ್ನಿಗೆ 10 ಹಲ್ಲು, ರಿಂಗ್ ಗೇರಿಗೆ 120 ಎಂದಿಟ್ಟುಕೊಳ್ಳಿ. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಪಿನಿಯನ್ 36,000 ಸುತ್ತು ತಿರುಗಬೇಕು. ಆ ವೇಗವನ್ನು ನಿತ್ಯ ತಾಳಿಕೊಳ್ಳಲಿ ಎಂದು ಯಾರೂ ಆ ಕ್ಲಚ್ಚನ್ನು ಮಾಡಿಲ್ಲ. ಅದು ಬಿಸಿಯಾಗಿ ಹಿಡಿದುಕೊಂಡರೆ ಮೋಟರಿನ ಆರ್ಮೇಚರ್ ಅದೇ ವೇಗಕ್ಕೆ ಸಿಕ್ಕಿ ಅದರ ತಂತಿಗಳು ಕಿತ್ತು ಹೊರಚಿಮ್ಮುತ್ತವೆ. ಈಗ ನಿಜಕ್ಕೂ ‘ಸೆಲ್ಫ್ ಹೋಗಿದೆ’.

‘ಇಷ್ಟೆಲ್ಲ ಏಕೆ, ಸ್ಪ್ಯಾನರಿನಲ್ಲಿ ಸೊಲೆನಾಯ್ಡಿಗೆ ಎರಡೇಟು ಕೊಟ್ಟರೆ ಬಿಟ್ಟುಕೊಳ್ಳುತ್ತದೆ’ ಎನ್ನುವವರ ಮಾತು ಸುಳ್ಳಲ್ಲ. ಏಟಿಗೆ ಬೆಸುಗೆ ಬಿಡುತ್ತದೆ. ಆದರೆ ತಾಮ್ರ ಆಗಲೇ ಕರಗಿ ಗುಳಿಬಿದ್ದಿದೆ, ಕೂಡುವ ಜಾಗ ಕಿರಿದಾಗಿದೆ, ಇನ್ನೊಂದು ದಿನ ಅಲ್ಲೇ ಬೆಸೆದುಕೊಳ್ಳುತ್ತದೆ. ಇಡೀ ಸೆಲ್ಫನ್ನೇ ಬದಲಿಸಿದರೆ ತೊಂದರೆಯೇ ಇಲ್ಲವಲ್ಲ ಎಂಬುದು ಇನ್ನೊಂದು ವಾದ. ಕೂಲಿ ಒಮ್ಮೆಗೇ ಮುಗಿಯುತ್ತದೆ ಎಂಬಷ್ಟರ ಮಟ್ಟಿಗೆ ಅದು ಸರಿ. ಅಂಟಿಕೊಂಡದ್ದು ರಿಲೇ ಆಗಿದ್ದರೆ ಮಾತ್ರ ಹೊಸ ಸೆಲ್ಫೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಬಟನ್ ಒತ್ತುವ ಕಾರುಗಳಲ್ಲಿ ಕಂಪ್ಯೂಟರ್ ಇದೆ, ಅದು ನೋಡಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಕಂಪ್ಯೂಟರ್ ಅಪ್ಪಣೆಯನ್ನು ಹಿಂದಕ್ಕೆ ಪಡೆಯಬಲ್ಲದು, ಬೆಸೆದ ತಾಮ್ರವನ್ನು ಬಿಡಿಸಲಾರದು.

ಬೆಸುಗೆ ಬಿದ್ದದ್ದಾದರೂ ಏಕೆ? ಬಹಳ ಸಲ ಅದರ ಹಿಂದೆ ಇರುವುದು ಸೋತ ಬ್ಯಾಟರಿ ಅಥವಾ ಸಡಿಲವಾದ ಅರ್ಥ್ ಕೇಬಲ್. ಒತ್ತಡ ಕುಸಿದಾಗ ಹಿಡಿಯುವ ಸುರುಳಿಗೆ ಹಿಡಿಯುವಷ್ಟು ಬಲವಿರದೆ ಬಿಲ್ಲೆ ಬಿಡುತ್ತದೆ. ಬಿಟ್ಟೊಡನೆ ಹೊರೆ ಇಳಿದು ಒತ್ತಡ ಏರುತ್ತದೆ, ಬಿಲ್ಲೆ ಮತ್ತೆ ಕೂಡುತ್ತದೆ. ಬೆಳಿಗ್ಗೆ ಕೇಳುವ ಟಕಟಕ ಸದ್ದು ಇದೇ. ಒಂದೊಂದು ಟಕ್ಕಿಗೂ ಒಂದೊಂದು ಕಿಡಿ, ಒಂದಿಷ್ಟು ತಾಮ್ರ. ಆ ಸದ್ದು ಕೇಳುತ್ತಾ ಕೀಯನ್ನು ಮತ್ತೆ ಮತ್ತೆ ತಿರುಗಿಸುವವರು ತಮ್ಮ ಕೈಯಾರೆ ವೆಲ್ಡಿಂಗ್ ಮಾಡುತ್ತಿರುತ್ತಾರೆ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನೋ ಕೇಬಲನ್ನೋ ಅನುಮಾನಿಸಬೇಕು. ಸೊಲೆನಾಯ್ಡ್ ಬದಲಿಸಿದ ಮೆಕ್ಯಾನಿಕ್ಕಿನಿಂದ ಹಳೆಯದನ್ನು ಕೇಳಿ ತೆಗೆದುಕೊಳ್ಳಿ. ಮುಚ್ಚಳ ಬಿಚ್ಚುವಂಥದ್ದಾದರೆ ಬಿಚ್ಚಿ, ಒಳಗಿನ ಬಿಲ್ಲೆಯನ್ನು ಬೆಳಕಿಗೆ ಹಿಡಿಯಿರಿ. ಅಂಚು ಕರಗಿ ಕಪ್ಪಾಗಿದ್ದರೆ ಬ್ಯಾಟರಿಯನ್ನೂ ಅದರ ಎರಡೂ ಕೇಬಲನ್ನೂ ಅವತ್ತೇ ಪರೀಕ್ಷೆ ಮಾಡಿಸಿ.