ಮೊದಲ ದಿನವೇ ಗುರಿ ತಪ್ಪಿತೇ? ರೈಫಲ್ ಕಲಿಕೆಯ ಸುತ್ತ ಕೆಲವು ತಪ್ಪು ಕಲ್ಪನೆಗಳು

ರೈಫಲ್ ತರಗತಿಗೆ ಮೊದಲ ಸಲ ಹೋದವರಲ್ಲಿ ಬಹಳ ಮಂದಿ ಪೆಚ್ಚುಮೋರೆ ಹಾಕಿಕೊಂಡೇ ಹೊರಗೆ ಬರುತ್ತಾರೆ. ಎನ್‌ಸಿಸಿ ಶಿಬಿರದಲ್ಲಿ ಬಿಸಿಲಲ್ಲಿ ಸಾಲುಗಟ್ಟಿ ಕಾದು, ಬೋರಲು ಮಲಗಿ, .22 ರೈಫಲ್‌ನಲ್ಲಿ ಐದು ಗುಂಡು ಹಾರಿಸಿ ಎದ್ದ ಕೆಡೆಟ್‌ಗೆ ಕಾಗದದ ಮೇಲೆ ಎರಡೇ ತೂತು ಕಾಣುತ್ತವೆ. ಉಳಿದ ಮೂರು ಎಲ್ಲಿಗೆ ಹೋದವು ಎಂದು ವಿವರಿಸಲು ಯಾರಿಗೂ ಪುರಸೊತ್ತಿಲ್ಲ. ನಗರದ ಏರ್ ರೈಫಲ್ ತರಗತಿಗೆ ದುಡ್ಡು ಕಟ್ಟಿ ಸೇರಿದವರ ಪಾಡೇ ಬೇರೆ. ಅಲ್ಲಿ ಮೊದಲ ದಿನ ಒಂದು ಪೆಲೆಟ್ಟನ್ನೂ ಕೈಗೆ ಕೊಡದೆ ನಿಲ್ಲುವುದನ್ನಷ್ಟೇ ಕಲಿಸಿ ಕಳಿಸುವುದುಂಟು. "ಇದು ನನ್ನ ಕೈಲಾಗುವ ಕೆಲಸವಲ್ಲ" ಎಂದು ಇಬ್ಬರೂ ತೀರ್ಮಾನಿಸಿಬಿಡುತ್ತಾರೆ.

ಹಾಗೆ ತೀರ್ಮಾನಿಸಲು ಅವಸರ ಬೇಡ. ಸಿನಿಮಾ, ಪುರಾಣ ಮತ್ತು ಜಾತ್ರೆಯ ಬಲೂನ್ ಅಂಗಡಿ ಈ ಮೂರೂ ಸೇರಿ ನಮ್ಮ ತಲೆಯಲ್ಲಿ ಗುರಿಗಾರಿಕೆಯ ಒಂದು ಚಿತ್ರ ಬರೆದಿಟ್ಟಿವೆ. ಮೊದಲ ದಿನದ ಸೋಲಿನಲ್ಲಿ ದೊಡ್ಡ ಪಾಲು ಆ ಚಿತ್ರದ್ದೇ.

ತಪ್ಪು ಕಲ್ಪನೆ 1: ಕಣ್ಣು ಗುರಿಯ ಮೇಲೇ ನೆಟ್ಟಿರಬೇಕು

ದ್ರೋಣರು ಇಟ್ಟ ಪರೀಕ್ಷೆಯ ಕಥೆ ಕೇಳದವರಿಲ್ಲ. ಮಿಕ್ಕವರಿಗೆ ಮರ, ಕೊಂಬೆ, ಎಲೆ ಎಲ್ಲ ಕಂಡರೆ ಅರ್ಜುನನಿಗೆ ಕಂಡದ್ದು ಹಕ್ಕಿ ಮಾತ್ರ. ಏಕಾಗ್ರತೆಯ ಪಾಠವಾಗಿ ಈ ಕಥೆ ಸೊಗಸಾಗಿದೆ. ರೈಫಲ್ ಹಿಡಿದಾಗ ಅದನ್ನು ಅಕ್ಷರಶಃ ಪಾಲಿಸಿದರೆ ಮಾತ್ರ ಗುಂಡು ಎಲ್ಲೆಲ್ಲಿಗೋ ಹೋಗುತ್ತದೆ.

ಸತ್ಯ: ಕಣ್ಣು ಒಂದು ಹೊತ್ತಿಗೆ ಒಂದು ದೂರವನ್ನಷ್ಟೇ ಸ್ಪಷ್ಟವಾಗಿ ಕಾಣಬಲ್ಲದು. ಗುರಿ ಹಿಡಿಯಲು ರೈಫಲ್ ಮೇಲಿರುವ ಹಿಂದಿನ ಸೈಟ್, ಮುಂದಿನ ಸೈಟ್, ಆಚೆಗಿರುವ ಗುರಿ ಮೂರೂ ಬೇರೆ ಬೇರೆ ದೂರದಲ್ಲಿರುವುದರಿಂದ ಎರಡು ಮಸುಕಾಗಿ ಕಂಡೇ ಕಾಣುತ್ತವೆ. ಸ್ಪಷ್ಟವಾಗಿರಬೇಕಾದ್ದು ಮುಂದಿನ ಸೈಟ್. ಗುರಿ ಕೊಂಚ ಮಸುಕಾಗಿದ್ದರೂ ನಡೆಯುತ್ತದೆ. ಇದಕ್ಕೆ ಕಾರಣ ಸರಳ ಗಣಿತ. ಎರಡು ಸೈಟುಗಳ ನಡುವೆ 60 ಸೆಂ.ಮೀ. ಅಂತರವಿದೆ, ಗುರಿ 25 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಸೈಟುಗಳು ಒಂದಕ್ಕೊಂದು ನೇರವಾಗಿದ್ದು, ಇಡೀ ರೈಫಲ್ ಪಕ್ಕಕ್ಕೆ 1 ಮಿ.ಮೀ. ಸರಿದರೆ ಗುಂಡೂ 1 ಮಿ.ಮೀ. ಮಾತ್ರ ಸರಿಯುತ್ತದೆ. ಆದರೆ ಮುಂದಿನ ಸೈಟ್ ಹಿಂದಿನದರ ನೇರದಿಂದ 1 ಮಿ.ಮೀ. ತಪ್ಪಿದರೆ ಗುಂಡು 4 ಸೆಂ.ಮೀ.ಗೂ ಹೆಚ್ಚು ಆಚೆ ಬೀಳುತ್ತದೆ. ಗುರಿಯನ್ನೇ ದಿಟ್ಟಿಸುವವನಿಗೆ ಈ ಓರೆ ಕಾಣುವುದೇ ಇಲ್ಲ. "ಕಪ್ಪು ಚುಕ್ಕೆಯ ನಡುವಿಗೇ ಹಿಡಿದಿದ್ದೆ ಸಾರ್" ಎಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ, ಹಿಡಿದದ್ದೂ ನಿಜವೇ.

ತಪ್ಪು ಕಲ್ಪನೆ 2: ತೋಳಲ್ಲಿ ಕಸುವಿದ್ದರೆ ರೈಫಲ್ ಅಲುಗುವುದಿಲ್ಲ

ಸತ್ಯ: ರೈಫಲ್ ಎಲ್ಲರ ಕೈಯಲ್ಲೂ ಅಲುಗುತ್ತದೆ, ಒಲಿಂಪಿಕ್ ಪದಕ ಗೆದ್ದವರ ಕೈಯಲ್ಲೂ. ಅಲುಗಾಟದ ಹರವು ಮಾತ್ರ ಅವರಲ್ಲಿ ಚಿಕ್ಕದು. ಅದನ್ನು ಚಿಕ್ಕದಾಗಿಸುವುದು ತೋಳಿನ ಕಸುವಲ್ಲ, ಮೂಳೆಯ ಆಸರೆ. ಸ್ಪರ್ಧೆಯ ಏರ್ ರೈಫಲ್ 5.5 ಕಿಲೋವರೆಗೂ ತೂಗಬಹುದು. 60 ಹೊಡೆತಗಳ ಅರ್ಹತಾ ಸುತ್ತಿನುದ್ದಕ್ಕೂ ಅಷ್ಟು ಭಾರವನ್ನು ತೋಳಿನ ಸ್ನಾಯುವಿನಿಂದ ಎತ್ತಿ ಹಿಡಿಯುವುದು ಪೈಲ್ವಾನನಿಗೂ ಆಗದ ಮಾತು. ಆದ್ದರಿಂದಲೇ ನಿಂತು ಹೊಡೆಯುವವರು ಎಡ ಮೊಣಕೈಯನ್ನು ಪಕ್ಕೆಗೆ ಅಥವಾ ಸೊಂಟದ ಮೂಳೆಗೆ ಊರಿ, ಭಾರ ನೇರವಾಗಿ ಕಾಲಿಗಿಳಿಯುವಂತೆ ಮಾಡಿಕೊಳ್ಳುತ್ತಾರೆ. ಮೊದಲ ದಿನ ಬರಿದೇ ನಿಲ್ಲಿಸುವುದೂ ಇದಕ್ಕಾಗಿಯೇ.

ಇನ್ನೊಂದು ಪರೀಕ್ಷೆಯಿದೆ. ಗುರಿ ಹಿಡಿದು, ಕಣ್ಣು ಮುಚ್ಚಿ, ಮೈ ಸಡಿಲಿಸಿ, ಒಂದೆರಡು ಉಸಿರಾದ ಮೇಲೆ ಕಣ್ಣು ತೆರೆಯಿರಿ. ಸೈಟ್ ಈಗ ಎಲ್ಲಿ ತೋರಿಸುತ್ತಿದೆಯೋ ಅದೇ ನಿಮ್ಮ ಮೈ ಸಹಜವಾಗಿ ನೋಡುತ್ತಿರುವ ದಿಕ್ಕು. ಅದು ಗುರಿಯ ಎಡಕ್ಕಿದ್ದರೆ ಕೈಯಿಂದ ಬಲಕ್ಕೆ ತಳ್ಳಬಾರದು. ಪಾದವನ್ನು, ಮಲಗಿದ್ದರೆ ಇಡೀ ಮೈಯನ್ನು, ಸರಿಸಿಕೊಳ್ಳಬೇಕು. ತಳ್ಳಿ ಹಿಡಿದ ರೈಫಲ್ ಗುಂಡು ಹೊರಡುವ ಹೊತ್ತಿಗೆ ತನ್ನ ಜಾಗಕ್ಕೆ ವಾಪಸ್ ಹೋಗಿರುತ್ತದೆ.

ಕಸುವಿನ ಮಾತು ಬಂದಾಗ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ನೆನೆಯಬೇಕು. ಗಂಡಸರು, ಹೆಂಗಸರು ಒಟ್ಟಿಗೇ ಸ್ಪರ್ಧಿಸುತ್ತಿದ್ದ ಕಾಲ ಅದು. ಮೂರು ಭಂಗಿಗಳ ರೈಫಲ್ ಸ್ಪರ್ಧೆಯಲ್ಲಿ ಅಮೆರಿಕದ ಮಾರ್ಗರೆಟ್ ಮರ್ಡಾಕ್ ಮತ್ತು ಲ್ಯಾನಿ ಬ್ಯಾಷಮ್ ಇಬ್ಬರೂ 1162 ಅಂಕ ಗಳಿಸಿದರು. ನಿಯಮದ ಪ್ರಕಾರ ಚಿನ್ನ ಬ್ಯಾಷಮ್‌ಗೆ ಹೋಯಿತು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಮರ್ಡಾಕ್‌ರನ್ನೂ ಮೇಲಿನ ಮೆಟ್ಟಿಲಿಗೆ ಹತ್ತಿಸಿಕೊಂಡರು.

ತಪ್ಪು ಕಲ್ಪನೆ 3: ಸೈಟ್ ಹತ್ತು ಅಂಕದ ಚುಕ್ಕೆಯ ಮೇಲೆ ಬಂದ ಕ್ಷಣದಲ್ಲೇ ಟ್ರಿಗರ್ ಎಳೆಯಬೇಕು

ಸತ್ಯ: ಮೊದಲ ದಿನ ಅತಿ ಹೆಚ್ಚು ಗುಂಡು ಹಾಳಾಗುವುದು ಇಲ್ಲೇ. "ಈಗ" ಎಂದು ಕಣ್ಣು ಹೇಳಿ ಬೆರಳು ಅಲುಗುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಕಳೆದಿರುತ್ತದೆ. ಅಷ್ಟರೊಳಗೆ ಸೈಟ್ ಹತ್ತನ್ನು ದಾಟಿ ಮುಂದೆ ಹೋಗಿರುತ್ತದೆ. ಜೊತೆಗೆ ಅವಸರದ ಬೆರಳು ಇಡೀ ಅಂಗೈಯನ್ನೇ ಹಿಂಡಿ ನಳಿಗೆಯನ್ನು ಓರೆ ಮಾಡುತ್ತದೆ. ಅಲುಗಾಟವನ್ನು ಒಪ್ಪಿಕೊಂಡು, ಸೈಟ್ ಹತ್ತರ ಆಸುಪಾಸಿನಲ್ಲಿ ತೂಗುತ್ತಿರುವಾಗ ಒತ್ತಡವನ್ನು ಸಮನಾಗಿ ಏರಿಸುತ್ತ ಹೋಗುವುದು ಸರಿಯಾದ ಕ್ರಮ. ಗುಂಡು ಯಾವ ಕ್ಷಣಕ್ಕೆ ಹೊರಡುತ್ತದೆ ಎಂಬುದು ಕಲಿಯುವವನಿಗೇ ತಿಳಿಯದಿದ್ದರೆ ಒಳ್ಳೆಯದು.

ಸದ್ದಿಗೆ ಬೆಚ್ಚುವುದು ಇದರ ಜೊತೆಗೇ ಬರುವ ತೊಂದರೆ. .22 ರೈಫಲ್‌ನ ಒದೆತ ಭುಜಕ್ಕೆ ತಟ್ಟುವುದೇ ಇಲ್ಲ ಎನ್ನುವಷ್ಟು ಕಡಿಮೆ. ಆದರೂ ಸದ್ದು ಬರಲಿದೆ ಎಂಬ ನಿರೀಕ್ಷೆಗೇ ಮೈ ಮುದುಡುತ್ತದೆ, ಕಣ್ಣು ಮುಚ್ಚುತ್ತದೆ. ಇದನ್ನು ಹಿಡಿಯಲು ಅನುಭವಿ ತರಬೇತುದಾರರು ಒಂದು ಉಪಾಯ ಮಾಡುತ್ತಾರೆ. ಕಲಿಯುವವನಿಗೆ ಹೇಳದೆ ನಿಜವಾದ ತೋಟಾಗಳ ನಡುವೆ ಒಂದು ಡಮ್ಮಿ ತೋಟಾ ತುಂಬಿ ಕೊಡುತ್ತಾರೆ. ಟ್ರಿಗರ್ ಒತ್ತಿದಾಗ ಕ್ಲಿಕ್ ಎಂದಷ್ಟೇ ಕೇಳುತ್ತದೆ, ಗುಂಡು ಹಾರುವುದಿಲ್ಲ. ಆದರೆ ನಳಿಗೆಯ ತುದಿ ಗಪ್ಪನೆ ಕೆಳಕ್ಕೆ ಬಾಗುತ್ತದೆ. ಅಷ್ಟು ಹೊತ್ತೂ "ರೈಫಲ್ಲೇ ಸರಿಯಿಲ್ಲ" ಎಂದು ವಾದಿಸುತ್ತಿದ್ದವನು ಅದನ್ನು ಕಣ್ಣಾರೆ ಕಂಡು ಸುಮ್ಮನಾಗುತ್ತಾನೆ.

ತಪ್ಪು ಕಲ್ಪನೆ 4: ಉಸಿರು ಬಿಗಿಹಿಡಿದಷ್ಟೂ ಒಳ್ಳೆಯದು

ಸತ್ಯ: ಉಸಿರು ಬಿಟ್ಟ ಮೇಲೆ, ಮತ್ತೆ ಎಳೆದುಕೊಳ್ಳುವ ಮುಂಚೆ ಸಹಜವಾಗಿಯೇ ಒಂದು ಬಿಡುವು ಇರುತ್ತದೆ. ಆ ಬಿಡುವನ್ನು ಕೆಲವು ಸೆಕೆಂಡು ಹಿಗ್ಗಿಸಿಕೊಂಡು ಅದರೊಳಗೆ ಹೊಡೆತ ಮುಗಿಸಬೇಕು. ಎಂಟು ಹತ್ತು ಸೆಕೆಂಡು ದಾಟಿದರೆ ನಡುಕ ಹೆಚ್ಚುತ್ತದೆ, ಸೈಟ್ ಮಂಜಾಗತೊಡಗುತ್ತದೆ. ಆಗ ಮಾಡಬೇಕಾದ ಕೆಲಸ ಒಂದೇ: ಟ್ರಿಗರ್‌ನಿಂದ ಬೆರಳು ತೆಗೆದು, ರೈಫಲ್ ಇಳಿಸಿ, ಮತ್ತೆ ಮೊದಲಿನಿಂದ ಶುರು ಮಾಡುವುದು. ಹೊಸಬರಿಗೆ ಇದು ಅವಮಾನ ಅನ್ನಿಸುತ್ತದೆ. ಪಳಗಿದವರು ಸ್ಪರ್ಧೆಯ ನಡುವೆಯೂ ನಾಚಿಕೆಯಿಲ್ಲದೆ ಇಳಿಸುತ್ತಾರೆ.

ತಪ್ಪು ಕಲ್ಪನೆ 5: ಒಂದು ಕಣ್ಣು ಬಿಗಿಯಾಗಿ ಮುಚ್ಚಬೇಕು

ಸತ್ಯ: ಒಂದು ಕಣ್ಣನ್ನು ಹಿಂಡಿ ಮುಚ್ಚಿದರೆ ಮುಖದ ಸ್ನಾಯುಗಳು ಬಿಗಿದು ತೆರೆದ ಕಣ್ಣೂ ಬೇಗ ದಣಿಯುತ್ತದೆ. ಶೂಟರ್‌ಗಳು ಇನ್ನೊಂದು ಕಣ್ಣಿನ ಮುಂದೆ ಬೆಳಕು ಬಿಡುವ ಬಿಳಿ ಪಟ್ಟಿ ಇಟ್ಟುಕೊಂಡು ಎರಡನ್ನೂ ತೆರೆದೇ ಇರುತ್ತಾರೆ.

ಅದಕ್ಕೂ ಮುಂಚೆ ಯಾವ ಕಣ್ಣು ಪ್ರಬಲ ಎಂದು ತಿಳಿಯಬೇಕು. ಕೈಗಳನ್ನು ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ವಸ್ತುವೊಂದನ್ನು ಅದರಲ್ಲಿ ನೋಡಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಪ್ರಬಲ. ಬಲಗೈಯವರಲ್ಲೂ ಕೆಲವರಿಗೆ ಎಡಗಣ್ಣು ಪ್ರಬಲವಾಗಿರುತ್ತದೆ. ಅಂಥವರ ಗುಂಡು ಕಾರಣವಿಲ್ಲದೆ ಪಕ್ಕಕ್ಕೆ ಹೋದಂತೆ ಕಾಣುತ್ತದೆ. ಪಟ್ಟಿ ಹಾಕಿಕೊಳ್ಳಬಹುದು, ಇಲ್ಲವೇ ಭುಜ ಬದಲಿಸಬಹುದು. ಹಂಗೇರಿಯ ಕಾರೊಯ್ ಟಕಾಚ್ ಎಂಬ ಸೈನಿಕನ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಹಾಳಾಯಿತು. ಆತ ಎಡಗೈಯಲ್ಲಿ ಪಿಸ್ತೂಲು ಹಿಡಿಯಲು ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ.

ತಪ್ಪು ಕಲ್ಪನೆ 6: ಗುಂಡು ಗೆರೆ ಎಳೆದಂತೆ ನೇರ ಹೋಗುತ್ತದೆ

ಸತ್ಯ: ನಳಿಗೆ ಬಿಟ್ಟ ಕ್ಷಣದಿಂದಲೇ ಗುಂಡು ಕೆಳಕ್ಕೆ ಬೀಳತೊಡಗುತ್ತದೆ. ಸ್ಪರ್ಧೆಯ ಏರ್ ರೈಫಲ್‌ನ 4.5 ಮಿ.ಮೀ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. 10 ಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 17 ಮಿ.ಮೀ. ಇಳಿದಿರುತ್ತದೆ. ಹತ್ತು ಅಂಕದ ಚುಕ್ಕೆಯ ಅಗಲವೇ 0.5 ಮಿ.ಮೀ.! ನೋಟದ ಗೆರೆಗಿಂತ ನಳಿಗೆ ತುಸು ಮೇಲ್ಮುಖವಾಗಿರುವಂತೆ ಸೈಟ್ ಹೊಂದಿಸಿರುವುದರಿಂದ ಈ ಇಳಿತ ನಮ್ಮ ಅರಿವಿಗೆ ಬರುವುದಿಲ್ಲ. ರೈಫಲನ್ನು ಪಕ್ಕಕ್ಕೆ ವಾಲಿಸಿ ಹಿಡಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗಿ, ಗುಂಡು ವಾಲಿದ ಕಡೆಗೂ ಕೆಳಕ್ಕೂ ಹೋಗುತ್ತದೆ.

ತಪ್ಪು ಕಲ್ಪನೆ 7: ಗುಂಡು ತಪ್ಪಿದ ಕೂಡಲೇ ಸೈಟ್ ತಿರುಗಿಸಬೇಕು

ಸತ್ಯ: ಒಂದು ತೂತಿನಿಂದ ಏನೂ ಗೊತ್ತಾಗುವುದಿಲ್ಲ. ಅದು ಸೈಟಿನ ತಪ್ಪೋ, ಬೆರಳಿನ ತಪ್ಪೋ ಹೇಳುವುದು ಹೇಗೆ? ಎಡಕ್ಕೆ ಬಿತ್ತೆಂದು ಬಲಕ್ಕೆ ತಿರುಗಿಸಿ, ಮುಂದಿನದು ಬಲಕ್ಕೆ ಬಿತ್ತೆಂದು ಎಡಕ್ಕೆ ತಿರುಗಿಸುತ್ತ ಹೋದರೆ ತರಗತಿಯ ಹೊತ್ತೆಲ್ಲ ಅದರಲ್ಲೇ ಕಳೆಯುತ್ತದೆ. ಸೈಟ್ ಮುಟ್ಟದೆ, ಒಂದೇ ಕಡೆ ಗುರಿಯಿಟ್ಟು ಐದು ಗುಂಡು ಹಾರಿಸುವುದು ರೂಢಿ, ಇದೇ ಗ್ರೂಪಿಂಗ್. ಐದೂ ಒತ್ತಾಗಿ ಗುರಿಯಿಂದ ದೂರ ಬಿದ್ದಿದ್ದರೆ ಸಂತೋಷಪಡಿ. ನಿಮ್ಮ ಹಿಡಿತ ಸರಿಯಿದೆ, ಸೈಟ್ ನಾಲ್ಕು ಕ್ಲಿಕ್ ತಿರುಗಿಸಿದರೆ ಮುಗಿಯಿತು. ಒಂದು ಗುಂಡು ಹತ್ತಕ್ಕೆ ಬಿದ್ದು ಮಿಕ್ಕವು ಮೂಲೆಮೂಲೆಗೆ ಹೋಗಿದ್ದರೆ ಆ ಹತ್ತು ಬರೀ ಅದೃಷ್ಟ. ತೂತುಗಳು ಮೇಲೆ ಕೆಳಗೆ ಸಾಲಾಗಿದ್ದರೆ ಸಾಮಾನ್ಯವಾಗಿ ಉಸಿರಾಟವನ್ನು ನೋಡಬೇಕು. ಎರಡು ಗುಂಪಾಗಿದ್ದರೆ ನಡುವೆ ಕೆನ್ನೆಯನ್ನೋ ಮೊಣಕೈಯನ್ನೋ ಸರಿಸಿಕೊಂಡಿದ್ದೀರಿ ಎಂದು ಊಹಿಸಬಹುದು.

ಗ್ರೂಪಿಂಗ್ ಗಟ್ಟಿಯಿದ್ದವರಿಗೆ ಸೈಟನ್ನು ಅನುಮಾನಿಸುವ ಹಕ್ಕು ಬರುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್‌ಗೆ ಮುಂಚಿನ ಅಭ್ಯಾಸದ ಹೊಡೆತದಲ್ಲಿ ಅಭಿನವ್ ಬಿಂದ್ರಾ ಅವರ ಪೆಲೆಟ್ ಕೇಂದ್ರದಿಂದ ಬಹಳ ದೂರ ಬಿತ್ತು. ತನ್ನ ಹೊಡೆತ ಅಷ್ಟು ಕೆಡುವಂಥದ್ದಲ್ಲ ಎಂದು ಅವರಿಗೆ ಗೊತ್ತಿತ್ತು, ಸೈಟ್ ಸರಿಪಡಿಸಿಕೊಂಡರು. ಫೈನಲ್‌ನ ಮೊದಲ ಹೊಡೆತ 10.7, ಕೊನೆಯದು 10.8. ಒಟ್ಟು 700.5 ಅಂಕಗಳೊಂದಿಗೆ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಬಂತು.

ತಪ್ಪು ಕಲ್ಪನೆ 8: ದುಬಾರಿ ರೈಫಲ್ ಇದ್ದರೆ, ಹೆಚ್ಚು ಗುಂಡು ಹಾರಿಸಿದರೆ ಸಾಕು

ಸತ್ಯ: ಸಾಧಾರಣ ರೈಫಲ್ ಕೂಡ ಹೊಸಬರಿಗಿಂತ ನಿಖರವಾಗಿಯೇ ಇರುತ್ತದೆ. ಇನ್ನು ಗುಂಡಿನ ಲೆಕ್ಕ: ತಪ್ಪು ಬೆರಳಿನಲ್ಲಿ ನೂರು ಗುಂಡು ಹಾರಿಸಿದರೆ ತಪ್ಪೇ ರೂಢಿಯಾಗುತ್ತದೆ. ಖಾಲಿ ರೈಫಲ್‌ನಲ್ಲಿ ಗುರಿ ಹಿಡಿದು ಟ್ರಿಗರ್ ಒತ್ತುವ ಡ್ರೈ ಫೈರಿಂಗ್‌ನಲ್ಲಿ ಸದ್ದಿಲ್ಲ, ಅಂಕವಿಲ್ಲ, ಖರ್ಚಿಲ್ಲ. ಕ್ಲಿಕ್ ಎಂದಾಗ ಸೈಟ್ ಅಲುಗಿತೋ ಇಲ್ಲವೋ ಎಂಬುದು ನಿಚ್ಚಳವಾಗಿ ಕಾಣುತ್ತದೆ. ಕ್ಲಿಕ್ ಆದ ಮೇಲೂ ಒಂದೆರಡು ಸೆಕೆಂಡು ಹಾಗೇ ಹಿಡಿದಿರುವ ಅಭ್ಯಾಸವೂ ಇಲ್ಲೇ ಬರುತ್ತದೆ.

ತಪ್ಪು ಕಲ್ಪನೆ 9: ಗುರಿ ರಕ್ತದಲ್ಲೇ ಬರಬೇಕು

ಸತ್ಯ: ಈ ಮಾತಿಗೆ ನಮ್ಮಲ್ಲಿ ಕೊಡಗನ್ನು ಉದಾಹರಣೆ ಕೊಡುತ್ತಾರೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆಯಾಗುತ್ತದೆ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಇದರಿಂದ ತಿಳಿಯುವುದಿಷ್ಟೇ: ಚಿಕ್ಕಂದಿನಿಂದ ಕೋವಿ ಕಂಡವರಿಗೆ ಸದ್ದಿನ ಭಯವಿಲ್ಲ, ಹಿಡಿಯುವ ಸಲುಗೆಯಿದೆ. ಅದು ಬಳಕೆಯಿಂದ ಬಂದದ್ದು, ಉಳಿದವರಿಗೂ ಬಳಕೆಯಿಂದಲೇ ಬರುತ್ತದೆ.

ಪಳಗಿದ ಮೇಲೆ ತಪ್ಪೇ ಆಗುವುದಿಲ್ಲ ಎಂಬುದೂ ಸುಳ್ಳು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಮೂರು ಭಂಗಿಗಳ ಫೈನಲ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮ್ಮನ್ಸ್ ಕೊನೆಯ ಹೊಡೆತದವರೆಗೂ ಮುಂದಿದ್ದರು. ಆ ಗುಂಡನ್ನು ಪಕ್ಕದವರ ಗುರಿಗೆ ಹೊಡೆದು ಸೊನ್ನೆ ಪಡೆದು ಎಂಟನೆಯ ಸ್ಥಾನಕ್ಕೆ ಇಳಿದರು.

ತಪ್ಪು ಕಲ್ಪನೆ 10: ಏರ್ ರೈಫಲ್ ಆಟಿಕೆ, ಖಾಲಿ ಬಂದೂಕು ನಿರಪಾಯಕಾರಿ

ಸತ್ಯ: ಪೆಲೆಟ್ ಕಣ್ಣು ತೆಗೆಯಬಲ್ಲದು. ಯಾವ ಬಂದೂಕನ್ನೂ ಖಾಲಿ ಎಂದು ನಂಬಬಾರದು, ನಳಿಗೆ ಸದಾ ಗುರಿಯ ಕಡೆಗೇ ಇರಬೇಕು, ಹೊಡೆಯುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಸ್ಪರ್ಧೆಗಳಲ್ಲಿ ಖಾಲಿ ರೈಫಲ್‌ಗೂ ಎದ್ದು ಕಾಣುವ ಬಣ್ಣದ ದಾರ ತೂರಿಸಿಡುವ ನಿಯಮವಿರುವುದು ಸುಮ್ಮನೆ ಅಲ್ಲ. ಪೆಲೆಟ್ ಸೀಸದ್ದು, ಆದ್ದರಿಂದ ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.

ಎರಡನೆಯ ತರಗತಿಗೆ ಏನು ಮಾಡಬೇಕು?

ಒಂದು ಚಿಕ್ಕ ನೋಟ್‌ಬುಕ್ ಒಯ್ಯಿರಿ. ಪ್ರತಿ ಹೊಡೆತವಾದ ಮೇಲೆ, ಗುರಿಯನ್ನೋ ಪರದೆಯನ್ನೋ ನೋಡುವ ಮುಂಚೆ, ಟ್ರಿಗರ್ ಬಿಟ್ಟ ಕ್ಷಣದಲ್ಲಿ ಸೈಟ್ ಎಲ್ಲಿತ್ತು ಎಂದು ನೆನೆದು "ಬಲಕ್ಕೆ, ಎಂಟು" ಎಂಬಂತೆ ಬರೆದುಕೊಳ್ಳಿ. ಆಮೇಲೆ ನಿಜವಾದ ತೂತಿನೊಂದಿಗೆ ಹೋಲಿಸಿ. ಮೊದಮೊದಲು ಎರಡಕ್ಕೂ ತಾಳೆಯಾಗುವುದಿಲ್ಲ, ಏಕೆಂದರೆ ಆ ಕ್ಷಣದಲ್ಲಿ ಕಣ್ಣು ಮುಚ್ಚಿರುತ್ತದೆ ಅಥವಾ ಗುರಿಯತ್ತ ಓಡಿರುತ್ತದೆ. ಊಹೆ ಮತ್ತು ತೂತು ಹತ್ತಿರ ಹತ್ತಿರ ಬರತೊಡಗಿದರೆ, ಅಂಕ ಇನ್ನೂ ಆರು ಏಳರಲ್ಲೇ ಇದ್ದರೂ, ನೀವು ಕಲಿಯುತ್ತಿದ್ದೀರಿ ಎಂದೇ ಅರ್ಥ. ತನ್ನ ಗುಂಡು ಎಲ್ಲಿಗೆ ಹೋಯಿತು, ಏಕೆ ಹೋಯಿತು ಎಂದು ಹೇಳಬಲ್ಲವನು ಅದನ್ನು ತಿದ್ದಬಲ್ಲ. ಹತ್ತಕ್ಕೆ ಹೊಡೆದೂ ಹೇಗೆ ಬಿತ್ತೆಂದು ಹೇಳಲಾಗದವನು ಇನ್ನೊಂದು ಹತ್ತಕ್ಕೆ ಅದೃಷ್ಟವನ್ನೇ ಕಾಯಬೇಕು.